ಬೀಗ ಬಿದ್ದ ಈಜುಕೊಳ



ಬಡಾವಣೆಯೊಂದರ ಕ್ರೀಡಾ ಕೇಂದ್ರವು ಪಾಳುಬಿದ್ದರೆ ಹಣದ ಕೊರತೆಯೇ ಅದಕ್ಕೆ ಕಾರಣವೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿರುವ ಮೆಕ್ಯಾರನ್ ಈಜುಕೊಳದ ಇತಿಹಾಸವು ಈ ನಂಬಿಕೆಯನ್ನು ಅಲುಗಾಡಿಸುತ್ತದೆ.

ಅದು ಆರ್ಥಿಕ ಮಹಾಕುಸಿತದ ಕಾಲ. ನಿರುದ್ಯೋಗಿಗಳಿಗೆ ಕೆಲಸ ಒದಗಿಸಲು ರೂಸ್‌ವೆಲ್ಟ್ ಸರಕಾರ ನೀಡಿದ ಹಣದಿಂದ 1936ರ ಒಂದೇ ಬೇಸಿಗೆಯಲ್ಲಿ ಆ ನಗರದಲ್ಲಿ 11 ಬೃಹತ್ ಈಜುಕೊಳಗಳು ತೆರೆದವು. ಅವುಗಳಲ್ಲೊಂದಾದ ಮೆಕ್ಯಾರನ್‌ನಲ್ಲಿ 6,800 ಮಂದಿಗೆ ಅವಕಾಶವಿತ್ತು. ಕಾರ್ಖಾನೆ ಕಾರ್ಮಿಕರ ಮಕ್ಕಳಿಗೆ ಅದುವೇ ಸಮುದ್ರ.

ದುರಸ್ತಿಯಿಲ್ಲದೆ ಸೊರಗಿದ ಆ ಕೊಳವನ್ನು 1980ರ ದಶಕದ ಆರಂಭದಲ್ಲಿ ನವೀಕರಣಕ್ಕೆಂದು ಮುಚ್ಚಲಾಯಿತು. ಆದರೆ ಕೆಲಸ ಆರಂಭಿಸಲು ಬಂದವರನ್ನು ತಡೆದವರು ಯಾರು? ಸುತ್ತಮುತ್ತಲಿನ ನಿವಾಸಿಗಳಲ್ಲೇ ಕೆಲವರು! ಗದ್ದಲ, ಅಪರಾಧ ಹೆಚ್ಚುತ್ತದೆಂಬುದು ಅವರು ಮುಂದಿಟ್ಟ ಕಾರಣ. ಬೇರೆ ಬಡಾವಣೆಗಳ ಕಪ್ಪು ಮತ್ತು ಲ್ಯಾಟಿನೋ ಯುವಕರು ತಮ್ಮ ಬೀದಿಗೆ ಬರಬಾರದೆಂಬ ಅಸಹನೆಯೂ ಅದರ ಹಿಂದಿತ್ತು. ಪರರ ಮಕ್ಕಳನ್ನು ತಡೆಯಲು ಹೊರಟವರು ತಮ್ಮ ಮಕ್ಕಳ ನೀರನ್ನೇ ಬತ್ತಿಸಿದರು. ಸುಮಾರು 28 ವರ್ಷ, ಎಂದರೆ ಒಂದು ಇಡೀ ತಲೆಮಾರು, ಆ ಕೊಳದಲ್ಲಿ ಈಜಲಿಲ್ಲ.

2007ರಲ್ಲಿ ಮೇಯರ್ ಬ್ಲೂಮ್‌ಬರ್ಗ್‌ರ ಆಡಳಿತವು ಇದಕ್ಕೆ 5 ಕೋಟಿ ಡಾಲರ್ ಮೀಸಲಿಟ್ಟಿತು. ಹಳೆಯ ಕಮಾನು ಉಳಿಯಿತು, ಕೊಳ ಕಿರಿದಾಯಿತು, ವರ್ಷವಿಡೀ ನಡೆಯುವ ವ್ಯಾಯಾಮ ಕೇಂದ್ರವೊಂದು ಸೇರಿಕೊಂಡಿತು. 2012ರ ಜೂನ್ 28ರಂದು ಬಾಗಿಲು ತೆರೆಯಿತು. ಕೊಳಕ್ಕೆ ಪ್ರವೇಶ ಶುಲ್ಕವಿಲ್ಲ. ಮೊದಲ ದಿನಗಳಲ್ಲೇ ಹೊಡೆದಾಟಗಳಾದವು. "ನಾವು ಅಂದೇ ಹೇಳಿರಲಿಲ್ಲವೇ" ಎನ್ನುವವರಿಗೆ ಇದು ಸಾಕಿತ್ತು. ನಗರಾಡಳಿತವು ಪೊಲೀಸರನ್ನು ನಿಲ್ಲಿಸಿತೇ ಹೊರತು ಮತ್ತೆ ಬೀಗ ಜಡಿಯಲಿಲ್ಲ.

ಆದರೂ ನನ್ನ ಮನಸ್ಸಿಗೆ ಪೂರ್ಣ ಸಮಾಧಾನವಿಲ್ಲ. ಅಷ್ಟರಲ್ಲಿ ಅಲ್ಲಿನ ಬಾಡಿಗೆಗಳು ಗಗನಕ್ಕೇರಿ ಅನೇಕ ದುಡಿಯುವ ಕುಟುಂಬಗಳು ಜಾಗ ಖಾಲಿ ಮಾಡಿದ್ದವು. ಬಡವರಿದ್ದಾಗ ಬಾರದ ಹಣವು ಸಿರಿವಂತರು ಬಂದ ಬಳಿಕ ಬಂತು.

ನಮ್ಮಲ್ಲೇನು? ಉದ್ಯಾನ, ಆಟದ ಮೈದಾನಗಳನ್ನು ಒದಗಿಸುವುದನ್ನು ಸಂವಿಧಾನದ ಹನ್ನೆರಡನೇ ಅನುಸೂಚಿಯು ನಗರಾಡಳಿತ ಸಂಸ್ಥೆಗಳ ಕಾರ್ಯಗಳಲ್ಲಿ ಸೇರಿಸಿದೆ. ಅವುಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆಯೂ ಇದೆ. ಮುಂದಿನ ಸಲ ವಾರ್ಡಿನ ಸದಸ್ಯರು ಮತ ಕೇಳಲು ಬಂದಾಗ ಮೈದಾನಕ್ಕೆ ಎಷ್ಟು ಹಣ ಬಂತೆಂದು ವಿಚಾರಿಸಿರಿ. ಜೊತೆಗೆ, ಅದರ ಗೇಟಿನ ಬೀಗದ ಕೈ ಯಾರ ಬಳಿಯಿದೆ, ನಮ್ಮ ಹೆಣ್ಣುಮಕ್ಕಳಿಗೆ ಯಾವ ಹೊತ್ತಿನಲ್ಲಿ ಪ್ರವೇಶವಿದೆ ಎಂಬುದನ್ನೂ ಕೇಳಿರಿ.