ಅಜ್ಜಿಯ ಸಂಕಟ

ಸೊಲ್ಲಾಪುರದ ನವಿ ಪೇಠದಲ್ಲಿ ಅಂಗಡಿಗಳ ಷಟರ್ ಏಳುವ ಹೊತ್ತು. ಕಟ್ಟೆಯ ಮೇಲೆ ಕೂತ ಅಜ್ಜಿಯೊಬ್ಬರು ಮೊಮ್ಮಗನಿಗೆ ಹೇಳಿದರು, "ಹೊಟ್ಟ್ಯಾಗ ಸಂಕಟ ಆಗ್ತದಪ್ಪಾ."

ಹುಡುಗ ಮೊಬೈಲ್ ತೆಗೆದ. ಅಜ್ಜಿಯ ನೋವು ಕನ್ನಡದ್ದು. ಡಾಕ್ಟರು ಕೇಳುವುದು ಮರಾಠಿಯಲ್ಲಿ. ಮೊಬೈಲು ಉತ್ತರಿಸಿದ್ದು ಇಂಗ್ಲಿಷಿನಲ್ಲಿ. ಉರಿಯೋ, ಓಕರಿಕೆಯೋ, ಬರೀ ತಳಮಳವೋ? 'ಸಂಕಟ' ಎಂಬ ಒಂದೇ ಮಾತಿನಲ್ಲಿ ಮೂರೂ ಇವೆ. ಮೊಬೈಲಿಗೆ ಅದೆಲ್ಲಿ ತಿಳಿಯಬೇಕು? ಅಜೀರ್ಣದಿಂದ ಕ್ಯಾನ್ಸರ್‌ವರೆಗೆ ಎಲ್ಲವನ್ನೂ ತಂದು ಸುರಿಯಿತು. ಮೊದಲಿಗೇ ಬಂದ ಆಸ್ಪತ್ರೆಯ ಪಕ್ಕದಲ್ಲಿ ಸಣ್ಣಕ್ಷರ: 'ಪ್ರಾಯೋಜಿತ'. ಅಂದರೆ ಕಾಸು ಕೊಟ್ಟ ಜಾಹೀರಾತು.

ಹುಡುಗ ಜಾಣ. ತೋರಿಸಬೇಕೆಂದಿದ್ದ ವೈದ್ಯರ ಹೆಸರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೋಂದಣಿ ಪಟ್ಟಿಯಲ್ಲಿ ಹುಡುಕಿದ. ಆ ಪಟ್ಟಿ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ತೆರೆದಿದೆ. ನೋಂದಣಿ ಸಂಖ್ಯೆಯನ್ನು ವೈದ್ಯರು ಚೀಟಿಯ ಮೇಲೂ ದವಾಖಾನೆಯಲ್ಲೂ ಕಾಣಿಸಬೇಕೆಂದು 2002ರ ನಿಯಮವೇ ಇದೆ. ನಾವೋ, ಔಷಧಿಯ ಹೆಸರು ಓದಲು ಹೆಣಗುತ್ತೇವೆ. ಆ ಸಂಖ್ಯೆಯತ್ತ ಕಣ್ಣೇ ಹಾಯಿಸುವುದಿಲ್ಲ.

ಆಮೇಲೆ ಅವನು ಡಾಕ್ಟರಿಗೆ ಹೇಳಬೇಕಾದದ್ದನ್ನು ಹಾಳೆಯಲ್ಲಿ ಬರೆದುಕೊಂಡ. ಸಂಕಟ ಯಾವಾಗಿನಿಂದ, ಊಟಕ್ಕೆ ಮುಂಚೆಯೋ ನಂತರವೋ.

ಅಜ್ಜಿ ಬಗ್ಗಿ ನೋಡಿದರು. "ಇನ್ನೊಂದು ಬರಿಯಪ್ಪಾ. ಮುಂಜಾನಿ ಚಹಾ ಬಿಡಬೇಕೇನು, ಅಂತ ಕೇಳು."