ಹಂದರದಲ್ಲಿ ಗೆಜ್ಜೆಯ ದನಿ

ಮದುವೆ ಗೊತ್ತಾದ ಮನೆ. “ಅವ್ವಾ, ಇಷ್ಟು ವರ್ಷ ನೃತ್ಯ ಕಲಿತೇನಿ. ನನ್ನ ಮದುವ್ಯಾಗ ಅದರದೊಂದು ಗುರುತು ಬ್ಯಾಡೇನು?” ಎಂದು ಮಗಳು ಕೇಳುತ್ತಾಳೆ. ತಾಯಿ ಹೌದೆನ್ನುತ್ತಾಳೆ. ತಂದೆಯವರು ಮಾತ್ರ, “ಬೀಗರು ಏನಂದಾರು?” ಎಂದು ಹಿಂಜರಿಯುತ್ತಾರೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಎಷ್ಟೋ ಮನೆಗಳಲ್ಲಿ ಕೇಳಬಹುದಾದ ಈ ಮಾತನ್ನೇ ಇಂದು ನಿಮ್ಮೊಡನೆ ಆಡಬೇಕೆಂದಿದ್ದೇನೆ.

ಕುಣಿತವು ನಮ್ಮ ಮದುವೆಗೆ ಹೊರಗಿನಿಂದ ಬಂದುದಲ್ಲ. ನಮ್ಮ ಕಡೆಯ ಅನೇಕ ಮನೆತನಗಳಲ್ಲಿ ಮದುವೆಯ ಸಂದರ್ಭದಲ್ಲಿ ವೀರಭದ್ರನ ಗುಗ್ಗಳ ಹೊರಡುತ್ತದೆ. ಪುರವಂತರು ಸಮಾಳದ ಬಡಿತಕ್ಕೆ ಹೆಜ್ಜೆ ಹಾಕುತ್ತ ಒಡಪು ಹೇಳುತ್ತಾರೆ. ಮೆರವಣಿಗೆಗೆ ಕರಡಿ ಮಜಲು, ಸುರಗಿಗೆ ಸೋಬಾನೆ ಪದ. ಇನ್ನು ಮದುಮಗಳು ನಾಚುತ್ತ ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಹೇಳುವಾಗಿನ ಪ್ರಣಯ ಯಾವ ಚಲಚ್ಚಿತ್ರದಲ್ಲಿದೆ? ಹೊಸದನ್ನು ತರುವ ಮೊದಲು ಮನೆಯಲ್ಲಿದ್ದುದನ್ನು ಎಣಿಸಿಕೊಳ್ಳಿರಿ.

ಎರಡನೆಯ ಮಾತು, ಹಿತಮಿತದ್ದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ ಏತರಲ್ಲಿದೆ? ಬಣ್ಣ ಗಾಢ, ಖಾರ ಕಡಿಮೆ. ಮದುವೆಯಲ್ಲಿ ನೃತ್ಯದ ಛಾಯೆಯೂ ಹಾಗೆಯೇ ಇರಲಿ. ಆ ಕೆಂಪಿನದೊಂದು ಸೀರೆ ಸಾಕು. ಲಗ್ನಪತ್ರಿಕೆಯ ಮೂಲೆಯಲ್ಲಿ ಕೃಷ್ಣಮೃಗದ ನೆಗೆತವನ್ನು ಬರೆಯಿಸಿರಿ. 1974ರಿಂದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕಾಪಾಡಿಕೊಂಡು ಬಂದ ಆ ಪ್ರಾಣಿಗಿಂತ ಹಗುರವಾದ ಹೆಜ್ಜೆ ಯಾರದು? ಬಾಗಿಲಿನಿಂದ ಹಸೆಯವರೆಗೆ ರಂಗೋಲಿಯಲ್ಲಿ ಪುಟ್ಟ ಪಾದಗಳು ಮೂಡಲಿ. ಬೀಗರ ಕೊರಳಿಗೆ ಹಾವೇರಿಯ ಏಲಕ್ಕಿ ಹಾರವಿರಲಿ. ಹೂವಿನಂತೆ ಸಂಜೆಗೆ ಬಾಡದು.

ಮೂರನೆಯದು, ಹೊತ್ತು. ಅಕ್ಕಿಕಾಳು ಬೀಳುವ ತನಕ ಶಾಸ್ತ್ರಕ್ಕೆ ಅಡ್ಡಿ ಬೇಡ. ಸಂಜೆ ಊಟಕ್ಕೆ ಮುಂಚೆ ಹತ್ತು ನಿಮಿಷ ಮದುಮಗಳು ಕುಣಿಯಲಿ, ಮದುಮಗ ಪಕ್ಕದಲ್ಲಿ ಕುಳಿತು ತಾಳ ಹಾಕಲಿ. ಆಮೇಲೆ ಎರಡೂ ಮನೆಯ ಮಕ್ಕಳ ಕೋಲಾಟ. ಎದುರಿನವನ ಕೋಲಿಗೆ ನಿಮ್ಮ ಕೋಲು ತಾಗದೆ ಆಟ ಸಾಗದು. ಬೀಗತನ ಬೆಳೆಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಧ್ವನಿವರ್ಧಕದ ಅಬ್ಬರದಲ್ಲಿ ಗೆಜ್ಜೆಯ ದನಿ ಕೇಳಿಸದು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಅದನ್ನು ತಡೆಯುತ್ತವೆ ಎಂಬುದೂ ನೆನಪಿರಲಿ. ಕರೆಸಿದ ಕಲಾವಿದರಿಗೆ ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ, ನೆಂಟರ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಿರಿ.

ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದು. ಮದುವೆಯ ದಿನ ಎಲ್ಲರೂ ಚಪ್ಪಾಳೆ ತಟ್ಟಿದ ಗೆಜ್ಜೆ ಮರುವಾರವೇ ಟ್ರಂಕು ಸೇರುವುದುಂಟು. ಹಾಗಾದರೆ ಹಂದರದ ಅಲಂಕಾರವೆಲ್ಲ ಅಣಕವಲ್ಲವೆ? ಆದ್ದರಿಂದ ನಿಶ್ಚಯದ ದಿನವೇ, ವರದಕ್ಷಿಣೆಯ ಮಾತಿಗೆ ಎಡೆಗೊಡದೆ, ಈ ಮಾತನ್ನು ಎತ್ತಿರಿ: “ನಮ್ಮ ಹುಡುಗಿ ಮುಂದೆಯೂ ನೃತ್ಯ ಬಿಡುವವಳಲ್ಲ, ನಿಮಗೆ ಒಪ್ಪಿಗೆಯೆ?”

ನಮ್ಮ ಬಾಡದ ಕನಕದಾಸರು ಕಾವ್ಯವಾಗಿಸಿದ ನಳನ ಕಥೆ ನಿಮಗೆ ಗೊತ್ತು. ಮಹಾಭಾರತದಲ್ಲಿ ಬರುವಂತೆ, ಸ್ವಯಂವರದಲ್ಲಿ ದೇವತೆಗಳು ನಳನ ರೂಪದಲ್ಲಿಯೇ ನಿಂತಿದ್ದರು. ಅವರ ಪಾದಗಳು ನೆಲ ಮುಟ್ಟಿರಲಿಲ್ಲ, ನಳನವು ಮುಟ್ಟಿದ್ದವು. ದಮಯಂತಿ ಅವನಿಗೇ ಮಾಲೆ ಹಾಕಿದಳು. ನಿಮ್ಮ ಮಗಳಿಗೂ ನೆಲದ ಮೇಲೆ ನಿಂತು, ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸುವ ವರನೇ ಸಿಗಲಿ.