ಹಳೆಯ ಬಂಡಿಯ ಉಸಿರು



ಬಿಡದಿಯ ಕಾರ್ಖಾನೆಯಲ್ಲಿ 2013ರಲ್ಲಿ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಆರಂಭವಾಯಿತು. ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಮೋಟಾರನ್ನು ಜೊತೆಗೂಡಿಸಿದ ಆ ಮೊದಲ ಬಂಡಿಗಳಿಗೆ ಈಗ ವಯಸ್ಸಾಗಿದೆ. ಅಂಥದೊಂದು ನನ್ನಲ್ಲಿಯೂ ಇದೆ.

ಕಳೆದ ಬೇಸಿಗೆಯಲ್ಲಿ ಅರಕಲಗೂಡಿನಿಂದ ಹೊಳೆನರಸೀಪುರದ ಮಾರ್ಗವಾಗಿ ಚನ್ನರಾಯಪಟ್ಟಣಕ್ಕೆ ಹೋಗುತ್ತಿದ್ದಾಗ ಎಚ್ಚರಿಕೆಯ ದೀಪ ಹೊತ್ತಿತು. ದೊಡ್ಡ ಬ್ಯಾಟರಿಯ ಕಥೆ ಮುಗಿಯಿತೆಂದರು ಬಲ್ಲವರು. ಅದನ್ನು ಬದಲಿಸುವುದು ಲಕ್ಷಗಳ ಮಾತು, ಕಾರನ್ನೇ ಮಾರಿಬಿಡೋಣವೆನಿಸಿತು. ಹಾಸನದ ಹಿರಿಯ ಮೆಕ್ಯಾನಿಕರೊಬ್ಬರು ಮಾತ್ರ, "ಸ್ವಾಮಿ, ಮೊದಲು ಅದು ಉಸಿರಾಡುತ್ತಿದೆಯೇ ನೋಡೋಣ" ಎಂದರು.

ಈ ಬ್ಯಾಟರಿ ನಿಕಲ್ ಮೆಟಲ್ ಹೈಡ್ರೈಡ್ ಜಾತಿಯದು. ಫ್ಯಾನೊಂದು ಕಾರಿನೊಳಗಿನ ಗಾಳಿಯನ್ನು ಸೆಳೆದು ಅದನ್ನು ತಂಪಾಗಿಡುತ್ತದೆ. ನಮ್ಮ ಕೆಮ್ಮಣ್ಣಿನ ಧೂಳು ಆ ಫ್ಯಾನಿಗೆ ಮೆತ್ತಿಕೊಂಡಿತ್ತು. ಧೂಳು ತೆಗೆದು ದೋಷಸೂಚನೆಯನ್ನು ಅಳಿಸಿದ ಮೇಲೆ ದೀಪ ಮತ್ತೆ ಹೊತ್ತಲಿಲ್ಲ.

ಇನ್ನೊಂದು ಮಾತು. 12 ವೋಲ್ಟಿನ ಸಣ್ಣ ಬ್ಯಾಟರಿ ಸೊರಗಿದರೂ ಬಂಡಿ ಹೊರಡುವುದಿಲ್ಲ, ಅದನ್ನೂ ಪರೀಕ್ಷಿಸಿಕೊಳ್ಳಬೇಕು. ಆದರೆ ಕಿತ್ತಳೆ ಬಣ್ಣದ ತಂತಿಗಳ ಗೊಡವೆ ಮಾಲೀಕನಿಗೆ ಬೇಡ. ಅವು 200 ವೋಲ್ಟಿಗೂ ಮೀರಿದ ವಿದ್ಯುತ್ತಿನವು. ಅಲ್ಲಿ ತಪ್ಪಿದ ಕೈಗೆ ಕ್ಷಮೆಯಿಲ್ಲ.

ದೊಡ್ಡ ಬ್ಯಾಟರಿ ಒಂದು ದಿನ ಸೋತೇ ಸೋಲುತ್ತದೆ, ನಿಜ. ಆದರೆ ಧೂಳಿನ ತಪ್ಪಿಗೆ ಮುಪ್ಪನ್ನು ದೂರುವುದು ಬೇಡ.